ಅಡ್ಡಗೋಡೆಯ ಮೇಲಿನ ದೀಪ

ನಮ್ಮ ಅಜ್ಜನಿಗೆ ಊರಲ್ಲಿ ಒಂದು ಅಡ್ಡಹೆಸರಿತ್ತು. 'ಅಡ್ಡಗೋಡೆ'. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವನು ಅಂತ. ಎದುರಿಗೆ ಯಾರೂ ಹೇಳುತ್ತಿರಲಿಲ್ಲ, ಆದರೆ ಅಜ್ಜನಿಗೆ ಗೊತ್ತಿತ್ತು. ಹೋದ ಮಳೆಗಾಲದಲ್ಲಿ ಊರಿಗೆ ಹೋದಾಗ ಸೋದರಳಿಯ ಟಿವಿಯಲ್ಲಿ ಉಕ್ರೇನ್ ಯುದ್ಧದ ಸುದ್ದಿ ನೋಡುತ್ತಾ, "ನಮ್ಮ ದೇಶದ್ದು ಮೊದಲಿಂದಲೂ ಇದೇ ಕಥೆ ಮಾವ, ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ, ಅಡ್ಡಗೋಡೆ ಮೇಲೆ ದೀಪ. ಧೈರ್ಯ ಇಲ್ಲದವರ ಕೆಲಸ" ಅಂದ. ಅವನಿಗೆ ತನ್ನ ಮುತ್ತಜ್ಜನ ಅಡ್ಡಹೆಸರು ಗೊತ್ತಿಲ್ಲ. ನಾನು ನಕ್ಕು ಸುಮ್ಮನಾದೆ. ಆಮೇಲೆ ಮೂರು ದಿನ ಅದೇ ಮಾತು ತಲೆಯೊಳಗೆ ಹುಳದ ಹಾಗೆ ಕೊರೆಯುತ್ತಿತ್ತು.

ನಮ್ಮದು ಮಲೆನಾಡಿನ ಸಣ್ಣ ಊರು. ಅಜ್ಜ ಗೇಣಿದಾರ. ಎರಡೂವರೆ ಎಕರೆ ಗದ್ದೆ, ಒಡೆಯರದ್ದು. ವರ್ಷವೂ ಕಣದಲ್ಲಿ ಭತ್ತ ಅಳೆದು ಗೇಣಿ ಕೊಟ್ಟು, ಉಳಿದದ್ದು ನಮ್ಮದು. ಒಡೆಯರ ಮನೆಯಲ್ಲಿ ಮದುವೆಯಾದರೆ ಚಪ್ಪರಕ್ಕೆ ಸೊಪ್ಪು ಹೊರಬೇಕು. ಅವರಿಗೆ ಯಾರ ಮೇಲೆ ಸಿಟ್ಟೋ ಅವರ ಮನೆಗೆ ನಾವೂ ಹೋಗಬಾರದು. ಗೇಣಿಗಿಂತ ಅಜ್ಜನನ್ನು ಜಾಸ್ತಿ ಚುಚ್ಚುತ್ತಿದ್ದದ್ದು ಈ ಕೊನೆಯದು ಅಂತ ಅಜ್ಜಿ ಹೇಳುತ್ತಿದ್ದಳು. ಸ್ವಂತ ಷಡ್ಡಕನ ಮನೆಗೆ ಅಜ್ಜ ಆರು ವರ್ಷ ಹೋಗಿರಲಿಲ್ಲ. ಯಾಕೆಂದರೆ ಆ ಷಡ್ಡಕ ಒಡೆಯರಿಗೆ ಆಗದವರ ಒಕ್ಕಲು. ಇಬ್ಬರ ಮಧ್ಯೆ ಜಗಳವೇ ಇರಲಿಲ್ಲ. ಜಗಳ ಬೇರೆಯವರದ್ದು, ದೂರವಾದದ್ದು ಇವರು.

1974ರಲ್ಲಿ ಭೂಸುಧಾರಣೆ ಕಾನೂನು ಬಂತು. ಉಳುವ ಗದ್ದೆ ತನ್ನ ಹೆಸರಿಗಾಗಲಿ ಅಂತ ಅಜ್ಜ ಏಳನೇ ನಂಬರ್ ಫಾರಂ ಹಾಕಿದ. ಟ್ರಿಬ್ಯೂನಲ್ ಮುಂದೆ ಹೋಗಿ ನಿಂತ. ಕೆಲವು ವರ್ಷ ಎಳೆದಾಡಿ ಕೊನೆಗೂ ಗದ್ದೆ ಅಜ್ಜನ ಹೆಸರಿಗಾಯಿತು. ಅದಾದ ಮುಂದಿನ ವರ್ಷವೇ ಸೊಸೈಟಿ ಚುನಾವಣೆ. ಊರಲ್ಲಿ ಇನ್ನೂ ಎರಡು ದೊಡ್ಡ ಮನೆಗಳಿದ್ದವು, ಮೇಲಿನ ಮನೆ ಮತ್ತು ಕೆಳಗಿನ ಮನೆ. ಇಬ್ಬರಿಗೂ ಅಜ್ಜ ಬೇಕಿತ್ತು. ಅಜ್ಜ ಬಂದರೆ ಅವನ ಹಿಂದೆ ಹೊಸದಾಗಿ ಭೂಮಿ ಸಿಕ್ಕಿದ ಹತ್ತು ಹನ್ನೆರಡು ಮನೆ ಬರುತ್ತವೆ ಅಂತ ಲೆಕ್ಕ. ಮೇಲಿನ ಮನೆಯವರು ಬಂದು ಕೂತು ಎಲೆಅಡಿಕೆ ಹಾಕಿ ವಿಷಯ ತೆಗೆದಾಗ ಅಜ್ಜ ಹೇಳಿದ್ದು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ: "ಇಷ್ಟು ದಿನ ಆ ಒಡೇರ ಜಗಲಿ ಕೆಳಗೆ ಕೂತಿದ್ದೆ. ಎದ್ದು ಬಂದು ಇನ್ನೂ ಸೊಂಟ ನೆಟ್ಟಗಾಗಿಲ್ಲ. ಅಷ್ಟರಲ್ಲೇ ನಿಮ್ಮ ಜಗಲಿಗೆ ಕರೀತೀರಲ್ಲ." ಕೆಳಗಿನ ಮನೆಯವರಿಗೂ ಇದೇ ಉತ್ತರ.

ಮತದಾನದ ದಿನ ಜೋರು ಮಳೆ. ಮೂರು ಮೈಲಿ ದೂರ. ಅಜ್ಜ ಕಂಬಳಿ ಕೊಪ್ಪೆ ಹಾಕಿಕೊಂಡು ನನ್ನನ್ನೂ ಕರೆದುಕೊಂಡು ಹೊರಟ. ದಾರಿಯಲ್ಲಿ ಮೇಲಿನ ಮನೆಯ ಜೀಪು ಬಂದು ಪಕ್ಕದಲ್ಲಿ ನಿಂತಿತು. "ಹತ್ತಿ, ಹೆಂಗಿದ್ರೂ ಅಲ್ಲಿಗೇ ಹೋಗೋದಲ್ವಾ?" ಅಂದರು. ಅಜ್ಜ ನನ್ನ ತಲೆ ಸವರಿ, "ಇವನಿಗೆ ಜೀಪಲ್ಲಿ ವಾಂತಿ ಬರುತ್ತೆ" ಅಂದ. ನನಗೆ ಜೀಪಲ್ಲಿ ಯಾವತ್ತೂ ವಾಂತಿ ಬಂದಿರಲಿಲ್ಲ. ನಾನು ಜೀಪು ಹತ್ತಿಯೇ ಇರಲಿಲ್ಲ. ಆವತ್ತು ಹತ್ತುವ ಆಸೆ ಎಷ್ಟಿತ್ತು ಅಂದರೆ, ಆ ಸುಳ್ಳನ್ನು ನಾನು ಬಹಳ ದಿನ ಕ್ಷಮಿಸಲಿಲ್ಲ.

ಐದು ಅಂಕದ ಪ್ರಶ್ನೆ

ನಾನು ಎಸ್ಸೆಸ್ಸೆಲ್ಸಿ ಬರೆದದ್ದು 1983ರಲ್ಲಿ. ಆ ಮಾರ್ಚಿನಲ್ಲೇ ದೆಹಲಿಯಲ್ಲಿ ಅಲಿಪ್ತ ರಾಷ್ಟ್ರಗಳ ಏಳನೇ ಶೃಂಗಸಭೆ. ಫಿಡೆಲ್ ಕ್ಯಾಸ್ಟ್ರೋ ವೇದಿಕೆಯ ಮೇಲೇ ಇಂದಿರಾ ಗಾಂಧಿಯವರನ್ನು ತಬ್ಬಿಕೊಂಡ ಫೋಟೋ ಎಲ್ಲಾ ಪೇಪರಲ್ಲೂ. ಹಾಗಾಗಿ ಸಮಾಜದ ಮೇಷ್ಟ್ರು 'ಅಲಿಪ್ತ ನೀತಿ ಎಂದರೇನು?' ಪ್ರಶ್ನೆ ಬಂದೇ ಬರುತ್ತೆ ಅಂತ ನಮ್ಮಿಂದ ಹತ್ತು ಸಲ ಬರೆಸಿದ್ದರು. ಉತ್ತರ ಇವತ್ತಿಗೂ ನೆನಪಿದೆ: ಅಮೆರಿಕ ಬಣಕ್ಕೂ ಸೇರದೆ ರಷ್ಯಾ ಬಣಕ್ಕೂ ಸೇರದೆ ತಟಸ್ಥವಾಗಿರುವುದು. ಪೂರ್ತಿ ಅಂಕ.

ಈಗ ಯೋಚಿಸಿದರೆ ಆ ಉತ್ತರದಲ್ಲಿ ಎರಡು ಬೇರೆ ಬೇರೆ ಪದಗಳನ್ನು ಒಂದೇ ಅಂತ ತಿಳಿದು ಕಲಸಿಬಿಟ್ಟಿದ್ದೆವು. ತಟಸ್ಥ ಅಂದರೆ ತಟದ ಮೇಲೆ, ದಡದ ಮೇಲೆ ನಿಂತವನು. ಹೊಳೆಯಲ್ಲಿ ಯಾರೋ ಮುಳುಗುತ್ತಿದ್ದರೂ ಅವನ ಪಂಚೆ ಒದ್ದೆಯಾಗುವುದಿಲ್ಲ. ಅಲಿಪ್ತ ಅಂದರೆ ಅಂಟಿಸಿಕೊಳ್ಳದವನು. ಅವನು ನೀರಿಗೆ ಇಳಿಯಬಹುದು, ಈಜಬಹುದು, ಕೆಸರಲ್ಲೂ ನಿಲ್ಲಬಹುದು. ನೆಹರೂ ಕೂಡ ತಮ್ಮ ನೀತಿಯನ್ನು ತಟಸ್ಥ ಅಂತ ಕರೆಯುವುದನ್ನು ಇಷ್ಟಪಡುತ್ತಿರಲಿಲ್ಲ. ಸ್ವಾತಂತ್ರ್ಯಕ್ಕೂ ಮೊದಲು, 1946ರ ಸೆಪ್ಟೆಂಬರ್ 7ರ ರೇಡಿಯೋ ಭಾಷಣದಲ್ಲೇ ಅವರು ಹೇಳಿದ್ದು, ಒಬ್ಬರ ಮೇಲೊಬ್ಬರು ಕತ್ತಿ ಮಸೆಯುವ ಗುಂಪುಗಳ ರಾಜಕೀಯದಿಂದ ದೂರ ಇರುತ್ತೇವೆ, ಅವು ಹಿಂದೆಯೂ ಮಹಾಯುದ್ಧಕ್ಕೆ ಎಳೆದಿವೆ ಅಂತ.

'ಹಿಂದೆಯೂ' ಅನ್ನುವ ಮಾತನ್ನು ನಾವು ಪರೀಕ್ಷೆಯಲ್ಲಿ ಬರೆಯಲೇ ಇಲ್ಲ.

ಮೂರು ಮೂರ್ತಿಗಳು

ದೆಹಲಿಯಲ್ಲಿ ನೆಹರೂ ಪ್ರಧಾನಿಯಾಗಿದ್ದಾಗ ಇದ್ದ ಮನೆಯ ಹೆಸರು ತೀನ್ ಮೂರ್ತಿ. ಮನೆ ಮುಂದಿನ ವೃತ್ತದಲ್ಲಿ ಮೂವರು ಸೈನಿಕರ ಕಂಚಿನ ಪ್ರತಿಮೆಗಳಿವೆ, ಅದರಿಂದ ಆ ಹೆಸರು. ಜೋಧಪುರ, ಹೈದರಾಬಾದ್, ಮೈಸೂರು. ಮೂರನೆಯವನು ನಮ್ಮವನು, ಮೈಸೂರು ಲ್ಯಾನ್ಸರ್ಸ್‌ನ ಸವಾರ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಜೋಧಪುರದವರೂ ಮೈಸೂರಿನವರೂ ಕುದುರೆ ಮೇಲೆ, ಭರ್ಜಿ ಹಿಡಿದು, ಮೆಷಿನ್‌ಗನ್ನುಗಳ ಎದುರು ನುಗ್ಗಿ ಗೆದ್ದರು. ಅದು ಶೌರ್ಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೈಸೂರು ಸೀಮೆಯ ರೈತನ ಮಗನಿಗೂ ತುರ್ಕಿಯ ಸುಲ್ತಾನನಿಗೂ ಯಾವ ಗಡಿ ತಕರಾರು ಇತ್ತು? ನಮ್ಮಜ್ಜನಿಗೂ ಅವನ ಷಡ್ಡಕನಿಗೂ ಇದ್ದಷ್ಟೇ.

ಎರಡನೇ ಸಲವೂ ಅದೇ ಆಯಿತು. 1939ರ ಸೆಪ್ಟೆಂಬರಿನಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ, ಇಲ್ಲಿನ ಒಬ್ಬ ನಾಯಕನನ್ನೂ ಕೇಳದೆ, ಭಾರತ ಯುದ್ಧದಲ್ಲಿದೆ ಅಂತ ಘೋಷಿಸಿದರು. ಹಿಟ್ಲರನ ವಿರುದ್ಧ ನಿಲ್ಲಬೇಕು ಅನ್ನುವುದರಲ್ಲಿ ನೆಹರೂಗೆ ಸಂಶಯ ಇರಲಿಲ್ಲ. ಸಿಟ್ಟು ಬಂದದ್ದು ಕೇಳದೆ ಹೇಳಿದ್ದಕ್ಕೆ. ಪ್ರಾಂತ್ಯಗಳಲ್ಲಿದ್ದ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟು ಹೊರಬಂದವು. ಯುದ್ಧ ಮುಗಿಯುವಷ್ಟರಲ್ಲಿ ಭಾರತದ ಸೈನ್ಯ 25 ಲಕ್ಷಕ್ಕೆ ಬೆಳೆದಿತ್ತು. ನಡುವೆ 1943ರಲ್ಲಿ ಬಂಗಾಳದ ಬರ ಲಕ್ಷಾಂತರ ಜನರನ್ನು ನುಂಗಿತ್ತು.

ಈ ಮೂರು ಪ್ರತಿಮೆಗಳ ಎದುರಿನ ಗೇಟಿನಿಂದ ದಿನವೂ ಓಡಾಡುವ ಮನುಷ್ಯನಿಗೆ, ಅಮೆರಿಕದವರೋ ರಷ್ಯಾದವರೋ ಬಂದು, 'ನಾಳೆ ನಮಗೆ ಯುದ್ಧವಾದರೆ ನಿಮಗೂ ಯುದ್ಧ ಅಂತ ಈಗಲೇ ರುಜು ಹಾಕಿ' ಅಂದರೆ ಹೇಗಿರಬೇಡ? ಸೈನಿಕ ಒಪ್ಪಂದ ಅಂದರೆ ಕೊನೆಗೆ ಅಷ್ಟೇ ತಾನೇ. ಯಾವಾಗ, ಯಾರ ಜೊತೆ, ಯಾತಕ್ಕೆ ಕಾದಾಡಬೇಕು ಅನ್ನುವುದನ್ನು ಇನ್ನೊಬ್ಬರ ರಾಜಧಾನಿಯಲ್ಲಿ ತೀರ್ಮಾನಿಸುವುದು. ಲಂಡನ್ನಿನಿಂದ ಬಿಡಿಸಿಕೊಂಡ ಆ ಅಧಿಕಾರವನ್ನು ವರ್ಷ ತುಂಬುವ ಮೊದಲೇ ವಾಷಿಂಗ್ಟನ್ನಿಗೋ ಮಾಸ್ಕೋಗೋ ಕೊಡುವುದಾದರೆ ಜೈಲಿಗೆ ಹೋದದ್ದು ಯಾಕೆ?

1955ರ ಏಪ್ರಿಲಿನಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ 29 ದೇಶಗಳು ಸೇರಿದಾಗ ಎಲ್ಲರೂ ಹೀಗೇ ಯೋಚಿಸುತ್ತಿದ್ದರು ಅಂತೇನೂ ಇಲ್ಲ. ಅದನ್ನೊಂದು ದೊಡ್ಡ ಭ್ರಾತೃತ್ವದ ಜಾತ್ರೆ ಅಂತ ಬರೆಯುವವರಿದ್ದಾರೆ, ನನಗೆ ಅದು ಮನೆತನದ ಪಾಲುಪಂಚಾಯ್ತಿಯ ಹಾಗೆ ಕಾಣುತ್ತದೆ. ಪಾಕಿಸ್ತಾನ, ಥಾಯ್ಲೆಂಡ್, ಫಿಲಿಪೀನ್ಸ್ ಆಗಲೇ ಅಮೆರಿಕದ ಒಪ್ಪಂದದಲ್ಲಿದ್ದವು. ಸಿಲೋನಿನ ಪ್ರಧಾನಿ ಕೊಟೆಲಾವಲ ಎದ್ದು, ಪೂರ್ವ ಯುರೋಪಿನಲ್ಲಿ ರಷ್ಯಾ ಮಾಡುತ್ತಿರುವುದೂ ವಸಾಹತುಶಾಹಿಯೇ ಅಲ್ವಾ ಅಂತ ಕೇಳಿ ನೆಹರೂಗೆ ಸಿಟ್ಟು ಬರಿಸಿದರು. (ಪ್ರಶ್ನೆ ಸರಿಯಾಗಿಯೇ ಇತ್ತು ಅಂತ ನನ್ನ ಅನಿಸಿಕೆ.) ಪಾಕಿಸ್ತಾನಕ್ಕೆ ಭಾರತದ ಭಯ ಇತ್ತು, ಅದಕ್ಕೆ ದೊಡ್ಡಣ್ಣ ಬೇಕಿತ್ತು. ಪಕ್ಕದ ಮನೆಯವನ ಭಯ ಜಾಸ್ತಿ ಇದ್ದವನು ದೂರದ ದೊಡ್ಡ ಮನೆಯ ಜಗಲಿ ಹುಡುಕುತ್ತಾನೆ. ಅದರಲ್ಲೂ ತರ್ಕ ಇದೆ.

ಹೊಟ್ಟೆಯಲ್ಲಿ ಅಮೆರಿಕ, ಬ್ಯಾಗಿನಲ್ಲಿ ರಷ್ಯಾ

ಇನ್ನೊಂದು ಕಾರಣ ಇಷ್ಟು ಗಂಭೀರವಾದದ್ದಲ್ಲ. ಬಡವನಿಗೆ ಎರಡು ಅಂಗಡಿ ಇದ್ದರೆ ಒಳ್ಳೆಯದು.

ನನ್ನ ಓರಗೆಯವರಿಗೆ ಕೇರ್ ಉಪ್ಪಿಟ್ಟು ನೆನಪಿರಬೇಕು. ಪ್ರೈಮರಿ ಸ್ಕೂಲಲ್ಲಿ ಮಧ್ಯಾಹ್ನ ದೊಡ್ಡ ಹಂಡೆಯಲ್ಲಿ ಬೇಯುತ್ತಿದ್ದ ಕೆಂಪು ಗೋಧಿ ರವೆ, ಅಮೆರಿಕದ್ದು. ಅದಕ್ಕೊಂದು ವಾಸನೆ ಇತ್ತು, ಈಗಲೂ ಎಲ್ಲಾದರೂ ಬಂದರೆ ತಕ್ಷಣ ಹಸಿವಾಗುತ್ತದೆ. ಅದೇ ಶಾಲೆಗೆ ಹೊತ್ತುಕೊಂಡು ಹೋಗುತ್ತಿದ್ದ ಪುಸ್ತಕಗಳಿಗೆ ಹಾಕಿದ್ದ ಬೈಂಡು 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪು ಹಾಳೆ. ಪೇಟೆಯಲ್ಲಿದ್ದ ಚಿಕ್ಕಪ್ಪ ಅದಕ್ಕೆ ಚಂದಾ ಕಟ್ಟಿದ್ದು ಓದುವುದಕ್ಕಲ್ಲ, ನಮಗೆ ಬೈಂಡು ಹಾಕಿಕೊಡುವುದಕ್ಕೆ. ನನ್ನ ಗಣಿತದ ಪುಸ್ತಕದ ಮೇಲೆ ಟ್ರ್ಯಾಕ್ಟರ್ ಓಡಿಸುತ್ತಾ ನಗುವ ಹೆಂಗಸು, ಕನ್ನಡ ಪುಸ್ತಕದ ಮೇಲೆ ಗಗನಯಾತ್ರಿ. ಹೊಟ್ಟೆಯಲ್ಲಿ ಅಮೆರಿಕ, ಬ್ಯಾಗಿನಲ್ಲಿ ರಷ್ಯಾ. ನಮಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ.

ದೇಶದ ಮಟ್ಟದಲ್ಲೂ ಇದೇ ನಡೆಯುತ್ತಿತ್ತು. ಒಂದೇ ದಶಕದಲ್ಲಿ ಮೂರು ಉಕ್ಕಿನ ಕಾರ್ಖಾನೆಗಳು ಎದ್ದವು: ಭಿಲಾಯ್ ರಷ್ಯಾದ ನೆರವಿನದ್ದು, ರೂರ್ಕೆಲಾ ಪಶ್ಚಿಮ ಜರ್ಮನಿಯದ್ದು, ದುರ್ಗಾಪುರ ಬ್ರಿಟನ್ನಿನದ್ದು. ಬೊಕಾರೋಗೆ ಅಮೆರಿಕವನ್ನು ಕೇಳಿದರು. ಸರ್ಕಾರಿ ಕಾರ್ಖಾನೆಗೆ ನಮ್ಮ ದುಡ್ಡು ಯಾಕೆ ಅಂತ ಅಲ್ಲಿನ ಸಂಸತ್ತಿನಲ್ಲಿ ಗಲಾಟೆಯಾಯಿತು. 1963ರಲ್ಲಿ ನೆಹರೂ ಅರ್ಜಿ ವಾಪಸ್ ತೆಗೆದುಕೊಂಡರು, ರಷ್ಯಾ ಬಂತು. ಈಜಿಪ್ಟಿನ ಅಧ್ಯಕ್ಷ ನಾಸರ್ ಕಥೆ ಇನ್ನೂ ಜೋರು. ಅಸ್ವಾನ್ ಅಣೆಕಟ್ಟಿಗೆ ದುಡ್ಡು ಕೊಡುತ್ತೇವೆ ಅಂದಿದ್ದ ಅಮೆರಿಕ 1956ರ ಜುಲೈ 19ರಂದು ಕೈಯೆತ್ತಿತು. ಒಂದು ವಾರದಲ್ಲಿ ನಾಸರ್ ಸೂಯೆಜ್ ಕಾಲುವೆಯನ್ನೇ ರಾಷ್ಟ್ರೀಕರಣ ಮಾಡಿದರು. ಅಣೆಕಟ್ಟನ್ನು ಕೊನೆಗೆ ರಷ್ಯಾದವರು ಕಟ್ಟಿಕೊಟ್ಟರು. ಘಾನಾದ ಅಧ್ಯಕ್ಷ ಎನ್‌ಕ್ರುಮಾ ಉಲ್ಟಾ. ಬಾಯಲ್ಲಿ ಸಮಾಜವಾದ, ವೋಲ್ಟಾ ನದಿಯ ಅಣೆಕಟ್ಟಿಗೆ ಅಮೆರಿಕದ ಸಾಲ. ನಾವು ಪೂರ್ವಕ್ಕೂ ಮುಖ ಮಾಡಿಲ್ಲ, ಪಶ್ಚಿಮಕ್ಕೂ ಮಾಡಿಲ್ಲ, ಮುಂದಕ್ಕೆ ಮಾಡಿದ್ದೇವೆ ಅಂತ ಅವರು ಹೇಳುತ್ತಿದ್ದ ಮಾತು ಪ್ರಸಿದ್ಧ. ಆ ಅಣೆಕಟ್ಟು 1966ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಮರುತಿಂಗಳೇ ಸೈನ್ಯ ಅವರನ್ನು ಕುರ್ಚಿಯಿಂದ ಇಳಿಸಿತು.

ಎರಡು ಅಂಗಡಿ ಇದ್ದರೂ ಉದ್ರಿ ಉದ್ರಿಯೇ. 1965–67ರ ಬರದಲ್ಲಿ ನಾವು ಹೊಟ್ಟೆಗೆ ಪಿಎಲ್–480 ಅನ್ನುವ ಅಮೆರಿಕದ ನೆರವಿನ ಯೋಜನೆಯ ಗೋಧಿಯನ್ನು ನಂಬಿಕೊಂಡಿದ್ದೆವು. 1966 ಒಂದೇ ವರ್ಷ ಹೊರಗಿನಿಂದ ತಂದ ಆಹಾರಧಾನ್ಯ ಒಂದು ಕೋಟಿ ಟನ್ ಆಸುಪಾಸು. ವಿಯೆಟ್ನಾಂ ಮೇಲಿನ ಬಾಂಬ್ ದಾಳಿ ನಿಲ್ಲಿಸಿ ಅಂತ ನಾವು ಹೇಳಿದ್ದು ಅಧ್ಯಕ್ಷ ಜಾನ್ಸನ್‌ಗೆ ಹಿಡಿಸಲಿಲ್ಲ. ನಮ್ಮ ಕೃಷಿ ನೀತಿ ಬದಲಾಗಬೇಕು ಅನ್ನುವ ಹಟವೂ ಅವರಿಗಿತ್ತು. ಗೋಧಿಯನ್ನು ಒಮ್ಮೆಗೇ ಕೊಡದೆ, ತಿಂಗಳು ತಿಂಗಳು ಸತಾಯಿಸಿ ಹಡಗು ಬಿಡುತ್ತಿದ್ದರು.

ನಮ್ಮೂರಲ್ಲಿ ಇದೇ ಆಟ ಸಣ್ಣದಾಗಿ ಆಯಿತು. ಸೊಸೈಟಿ ಚುನಾವಣೆ ಮುಗಿದ ವರ್ಷ, ನಟ್ಟಿ ಹೊತ್ತಿಗೆ ಸರಿಯಾಗಿ, ಮೇಲಿನ ಮನೆಯವರು ಕಾಲುವೆ ಕಟ್ಟಿಬಿಟ್ಟರು. ಅಗೆ ಒಣಗುತ್ತಾ ಬಂತು. ಕೆಳಗಿನ ಮನೆಯವರು ಹೇಳಿಕಳಿಸಿದರು, ಪಂಪ್‌ಸೆಟ್ಟು ಕೊಡ್ತೀವಿ, ಮೇಲಿನ ಮನೆ ಮೇಲೆ ತಹಸೀಲ್ದಾರರಿಗೆ ಒಂದು ಅರ್ಜಿ ಇದೆ, ಅದಕ್ಕೆ ಹೆಬ್ಬೆಟ್ಟು ಒತ್ತಬೇಕು. ಅಜ್ಜ ಪಂಪ್‌ಸೆಟ್ಟು ತಂದ. ಅರ್ಜಿಯನ್ನು 'ಓದಿಸಿ ನೋಡ್ತೀನಿ' ಅಂತ ಮಾಡಿನ ಸಂದಿಗೆ ಸಿಕ್ಕಿಸಿ ಇಟ್ಟ. ಅದು ಅಲ್ಲೇ ಹೊಗೆ ಹಿಡಿದು ಕಪ್ಪಾಯಿತು.

ಜಾರಿದ ಜಾಗಗಳು

ಅಲಿಪ್ತರಾಗಿದ್ದೆವು ಅಂತ ನಾವು ಎದೆ ತಟ್ಟಿಕೊಳ್ಳುವಾಗ 1956ನ್ನು ಹಾರಿಸಿಬಿಡುತ್ತೇವೆ. ಸೂಯೆಜ್ ಮೇಲೆ ಬ್ರಿಟನ್, ಫ್ರಾನ್ಸ್, ಇಸ್ರೇಲ್ ದಾಳಿ ಮಾಡಿದಾಗ ನೆಹರೂ ಗುಡುಗಿದರು. ಅದೇ ದಿನಗಳಲ್ಲಿ ರಷ್ಯಾದ ಟ್ಯಾಂಕುಗಳು ಹಂಗೇರಿಯ ಬುಡಾಪೆಸ್ಟಿಗೆ ನುಗ್ಗಿದಾಗ ನಮ್ಮ ಗಂಟಲು ಕಟ್ಟಿತು. ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಹಂಗೇರಿಯಲ್ಲಿ ಚುನಾವಣೆ ಆಗಲಿ ಅನ್ನುವುದೂ ಸೇರಿದ್ದ ನಿರ್ಣಯಕ್ಕೆ ಭಾರತ ವಿರೋಧವಾಗಿ ಮತ ಹಾಕಿತು. ಕಾಶ್ಮೀರದಲ್ಲಿ ನಾಳೆ ಇದನ್ನೇ ಕೇಳಿದರೆ ಅನ್ನುವ ಅಳುಕು ಇತ್ತು, ಒಪ್ಪೋಣ. ಆದರೂ ಆವತ್ತು ದೀಪದ ಬೆಳಕು ಒಂದು ಕಡೆಗೆ ಕಡಿಮೆ ಬಿತ್ತು. ಮನುಷ್ಯನಿಗೆ ಚರ್ಮದ ಬಣ್ಣ ನೋಡಿದ ಕೂಡಲೇ ಹಳೇ ಒಡೆಯನ ಗುರುತು ಹತ್ತುತ್ತದೆ, ಹೊಸ ಒಡೆಯನ ಗುರುತು ಹತ್ತುವುದು ನಿಧಾನ.

1962ರಲ್ಲಿ ಚೀನಾ ಬಂತು. ನವೆಂಬರ್ 19ರಂದು ನೆಹರೂ ಅಧ್ಯಕ್ಷ ಕೆನಡಿಗೆ ಬರೆದ ಪತ್ರಗಳಲ್ಲಿ ಅಮೆರಿಕದ ಯುದ್ಧವಿಮಾನಗಳ ನೆರವು ಕೇಳಿದ್ದಾರೆ. ಅವನ್ನು ಓದಿದರೆ ಹೊಟ್ಟೆ ತೊಳಸಿದ ಹಾಗಾಗುತ್ತದೆ. ಅಷ್ಟು ದೊಡ್ಡ ಮನುಷ್ಯ, ಅಷ್ಟು ಸಣ್ಣ ದನಿ. 1971ರ ಆಗಸ್ಟ್ 9ರಂದು ರಷ್ಯಾದ ಜೊತೆ ಒಪ್ಪಂದವೇ ಆಯಿತು. ನಮ್ಮಜ್ಜನೂ ಒಂದು ಸಲ, ಗದ್ದೆಯ ಏರಿ ಒಡೆದ ರಾತ್ರಿ, ಕೆಳಗಿನ ಮನೆಯ ಜಗಲಿಗೆ ಹೋಗಿ ನಿಂತು ಆಳು ಕೇಳಿದ್ದ. ಅವರು ಕೊಟ್ಟರು. ಮರುದಿನ ಊರಿಗೆಲ್ಲ ಸಾರಿದರು.

ಸನ್ನಿ ಸೈಡ್

ಸೋದರಳಿಯನ 'ಧೈರ್ಯ ಇಲ್ಲದವರ ಕೆಲಸ' ಅನ್ನುವ ಮಾತಿಗೆ ಉತ್ತರ ಸಿಕ್ಕಿದ್ದು ಮಡಿಕೇರಿಯಲ್ಲಿ. ಅಲ್ಲಿ 'ಸನ್ನಿ ಸೈಡ್' ಅಂತ ಒಂದು ಮನೆ ಇದೆ. ಬಹಳ ವರ್ಷ ಆರ್‌ಟಿಒ ಆಫೀಸಾಗಿತ್ತು, ಡ್ರೈವಿಂಗ್ ಲೈಸೆನ್ಸಿಗೆ ಜನ ಸಾಲು ನಿಲ್ಲುತ್ತಿದ್ದರು. 2021ರಿಂದ ಮ್ಯೂಸಿಯಂ. ಜನರಲ್ ತಿಮ್ಮಯ್ಯನವರ ಮನೆ ಅದು. ಸೇನಾ ಮುಖ್ಯಸ್ಥರಾಗಿದ್ದರು ಅಂತ ಎಲ್ಲರಿಗೂ ಗೊತ್ತು. ಅವರು ಕೊರಿಯಾದಲ್ಲಿ ಮಾಡಿದ ಕೆಲಸ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಕೊರಿಯಾ ಯುದ್ಧ ನಿಲ್ಲಬೇಕಾಗಿದ್ದದ್ದು ಬಹಳ ಮೊದಲೇ. ಒಂದು ವಿಷಯಕ್ಕೆ ಸಿಕ್ಕಿಕೊಂಡು ವರ್ಷಕ್ಕೂ ಜಾಸ್ತಿ ಎಳೆಯಿತು: ಸೆರೆಯಾಳುಗಳು. ಎಲ್ಲರನ್ನೂ ವಾಪಸ್ ಕೊಡಿ ಅಂತ ಚೀನಾ ಮತ್ತು ಉತ್ತರ ಕೊರಿಯಾ. ಹೋಗಲು ಇಷ್ಟವಿಲ್ಲದವರನ್ನು ದಬ್ಬುವುದಿಲ್ಲ ಅಂತ ಅಮೆರಿಕ. ಆ ಜಗಳದ ಮಧ್ಯೆಯೂ ಮುಂಚೂಣಿಯಲ್ಲಿ ಜನ ಸಾಯುತ್ತಲೇ ಇದ್ದರು. ಆಗ ವಿಶ್ವಸಂಸ್ಥೆಯಲ್ಲಿ ಭಾರತದ ಪರವಾಗಿ ಕೃಷ್ಣ ಮೆನನ್ ಒಂದು ದಾರಿ ಹೇಳಿದರು. ಹೋಗಲು ಒಪ್ಪದವರನ್ನು ಯಾರ ಕಡೆಗೂ ಸೇರದ ದೇಶಗಳ ಕೈಗೆ ಕೊಡಿ ಅಂತ. ಅಮೆರಿಕ ಮೊದಲು ಮುಖ ಸಿಂಡರಿಸಿತು. ರಷ್ಯಾದ ವಿಶಿನ್‌ಸ್ಕಿ ನೇರವಾಗಿ ಬೈದರು. 1952ರ ಡಿಸೆಂಬರಿನಲ್ಲಿ ನಿರ್ಣಯ ಪಾಸಾದರೂ ಅದು ನಡೆಯಲಿಲ್ಲ. ಮಾರ್ಚಿನಲ್ಲಿ ಸ್ಟಾಲಿನ್ ಸತ್ತರು, ಗಾಳಿ ಬದಲಾಯಿತು, ಹೆಚ್ಚುಕಡಿಮೆ ಅದೇ ದಾರಿಯಲ್ಲಿ 1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿತ್ತು.

ವಾಪಸ್ ಹೋಗಲು ಒಪ್ಪದ ಸೆರೆಯಾಳುಗಳನ್ನು ನೋಡಿಕೊಳ್ಳಲು ಒಂದು ಆಯೋಗ, ಅದರಲ್ಲಿ ಐದು ದೇಶ. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆಯವರು ಹೇಳಿದವು. ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆಯವರು ಹೇಳಿದವು. ಅಂದರೆ ಎರಡು–ಎರಡು. ಮಧ್ಯದಲ್ಲಿ ಅಧ್ಯಕ್ಷ ಭಾರತ, ಆ ಕುರ್ಚಿಯಲ್ಲಿ ತಿಮ್ಮಯ್ಯ. ಪ್ರತಿಯೊಂದು ಕಗ್ಗಂಟಿಗೂ ಕೊನೆಯ ಮತ ಅವರದ್ದೇ. ದಡದ ಮೇಲೆ ನಿಲ್ಲುವ ಕೆಲಸವೇ ಇದು?

ಸೆರೆಯಾಳುಗಳನ್ನು ಕಾಯಲು ಮೇಜರ್ ಜನರಲ್ ಥೋರಟ್ ಕೈಕೆಳಗೆ ಐದಾರು ಸಾವಿರ ಭಾರತೀಯ ಸೈನಿಕರು ಹಡಗಿನಲ್ಲಿ ಹೋದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀಗೆ ಭಾರತದ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಇವರು ನನ್ನ ನೆಲದ ಮೇಲೆ ಕಾಲಿಡಕೂಡದು ಅಂದುಬಿಟ್ಟರು. ಹಾಗಾಗಿ ಇಂಚೋನ್ ಬಂದರಿನಿಂದ ಅವರನ್ನು ಅಮೆರಿಕದವರು ಹೆಲಿಕಾಪ್ಟರಿನಲ್ಲಿ ಎತ್ತಿ, ಎರಡು ಸೈನ್ಯಗಳ ನಡುವಿನ ನಿರ್ಜನ ಪಟ್ಟಿಯಲ್ಲಿ ಇಳಿಸಿದರು. ಅಲ್ಲಿ ಗುಡಾರ ಹಾಕಿಕೊಂಡು ಅದಕ್ಕೆ 'ಹಿಂದ್ ನಗರ' ಅಂತ ಹೆಸರಿಟ್ಟರು. ಒಂದು ಕಡೆಯಿಂದ 22 ಸಾವಿರಕ್ಕೂ ಜಾಸ್ತಿ ಸೆರೆಯಾಳುಗಳು, ಇನ್ನೊಂದು ಕಡೆಯಿಂದ 359 ಜನ. ಮೈ ಕೊರೆಯುವ ಚಳಿ. ಬೇಲಿಯ ಒಳಗೆ ಸೆರೆಯಾಳುಗಳದ್ದೇ ಮುಖಂಡರು, ಅವರದ್ದೇ ದಬ್ಬಾಳಿಕೆ. ಮನೆಗೆ ಹೋಗಬೇಕು ಅಂದವನು ಬೆಳಗಾಗುವಷ್ಟರಲ್ಲಿ ಹೆಣವಾಗಬಹುದು. ಒಂದು ದಿನ ನಮ್ಮ ಮೇಜರ್ ಒಬ್ಬರನ್ನು ಒಳಗೆಳೆದುಕೊಂಡು ಒತ್ತೆ ಇಟ್ಟರು. ಥೋರಟ್ ಆಯುಧ ಇಲ್ಲದೆ ಬೇಲಿಯೊಳಗೆ ಹೋಗಿ, ಮಾತಾಡಿ, ಅವರನ್ನು ಬಿಡಿಸಿ ತಂದರು.

ಕೆಲಸ ಪೂರ್ತಿ ಗೆದ್ದಿತು ಅಂತ ಹೇಳಲಾರೆ. 90 ದಿನದಲ್ಲಿ ಪ್ರತಿಯೊಬ್ಬ ಸೆರೆಯಾಳಿಗೂ ಅವನ ದೇಶದವರು ಬಂದು ತಿಳಿಹೇಳಬೇಕಿತ್ತು. ನಡೆದದ್ದು ಕೆಲವೇ ದಿನ. ಉಳಿದವರನ್ನು 1954ರ ಜನವರಿಯಲ್ಲಿ ತಿಮ್ಮಯ್ಯ ಮೊದಲು ಹಿಡಿದಿದ್ದವರ ಕೈಗೇ ವಾಪಸ್ ಒಪ್ಪಿಸಿದರು. ಉತ್ತರದವರು ಮೋಸ ಅಂದರು, ದಕ್ಷಿಣದವರು ಭಾರತ ಕಮ್ಯುನಿಸ್ಟರ ಕಡೆ ಅಂತ ಬೈಯುತ್ತಲೇ ಇದ್ದರು. ಎರಡು ವರ್ಷದ ನಂತರ ಅಮೆರಿಕದ ವಿದೇಶಾಂಗ ಮಂತ್ರಿ ಡಲೆಸ್, ಇಂಥ ತಟಸ್ಥತೆ ತೀರಾ ಅಪರೂಪದ ಸಂದರ್ಭ ಬಿಟ್ಟರೆ ಅನೈತಿಕ ಅಂತ ಭಾಷಣ ಮಾಡಿದರು. ಹೆಲಿಕಾಪ್ಟರಿನಲ್ಲಿ ಎತ್ತಿ ಇಳಿಸಿದ ದೇಶದವರೇ. (ತಿಮ್ಮಯ್ಯನವರ ಹಣೆಬರಹ ನೋಡಿ. ನಿವೃತ್ತಿಯಾದ ಮೇಲೂ ಸೈಪ್ರಸ್ಸಿನಲ್ಲಿ ಗ್ರೀಕರಿಗೂ ತುರ್ಕರಿಗೂ ನಡುವೆ ನಿಂತ ವಿಶ್ವಸಂಸ್ಥೆಯ ಪಡೆಗೆ ಮುಖ್ಯಸ್ಥರಾಗಿ ಹೋದರು. 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು.)

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಆ ಸಾವಿರಾರು ಜನರಲ್ಲಿ 88 ಮಂದಿ ಎರಡೂ ಕಡೆಯನ್ನು ಬೇಡ ಅಂದರು. ಉತ್ತರವೂ ಬೇಡ, ದಕ್ಷಿಣವೂ ಬೇಡ. ಚೀನಾವೂ ಬೇಡ, ತೈವಾನೂ ಬೇಡ. 76 ಮಂದಿ ಕೊರಿಯನ್ನರು, 12 ಮಂದಿ ಚೀನೀಯರು. ನಮ್ಮ ಸೈನಿಕರ ಜೊತೆಗೇ ಹಡಗು ಹತ್ತಿ ಮದ್ರಾಸಿಗೆ ಬಂದಿಳಿದರು. ಭಾಷೆ ಗೊತ್ತಿಲ್ಲ, ಊಟ ಹೊಂದುವುದಿಲ್ಲ, ಮುಂದೆ ಎಲ್ಲಿಗೆ ಅಂತ ತಿಳಿಯದು. ಸುಮಾರು ಜನ ಆಮೇಲೆ ಬ್ರೆಜಿಲ್, ಅರ್ಜೆಂಟೀನಾ ಸೇರಿದರು. ಬೆರಳೆಣಿಕೆಯಷ್ಟು ಮಂದಿ ಇಲ್ಲೇ ಉಳಿದರು.

ಇದನ್ನೆಲ್ಲ ಮೊನ್ನೆ ಸೋದರಳಿಯನಿಗೆ ಫೋನಲ್ಲಿ ಹೇಳಿದೆ. ಅಜ್ಜನ ಅಡ್ಡಹೆಸರು, ಜೀಪು, ವಾಂತಿಯ ಸುಳ್ಳು ಎಲ್ಲ. ಪೂರ್ತಿ ಕೇಳಿಸಿಕೊಂಡ. ಕೊನೆಗೆ ಅವನು ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರೆ ಮುತ್ತಜ್ಜ ಆವತ್ತು ವೋಟು ಯಾರಿಗೆ ಹಾಕಿದ್ರು ಮಾವ?"

ನಾನೂ ಕೇಳಿದ್ದೆ, ವಾಪಸ್ ಬರುವ ದಾರಿಯಲ್ಲಿ. ಅಜ್ಜ ನನ್ನ ತಲೆ ಮೇಲಿನ ಕಂಬಳಿ ಕೊಪ್ಪೆ ಮುಂದಕ್ಕೆ ಎಳೆದು ಸರಿಮಾಡಿ, "ಮಳೆ ಜೋರಾಯ್ತು, ಬೇಗ ನಡಿ" ಅಂದಿದ್ದ.